ಜೀಪು ಹತ್ತೂದಿಲ್ಲ ಅಂದರೆ ಹತ್ತೂದಿಲ್ಲ

ನಾನು ತಮಾಷೆಗೆ ಅಂತ ಮಾಡಿದ ಯಾವ ಕೆಲಸವೂ ಇವತ್ತಿನವರೆಗೆ ಒಬ್ಬರನ್ನೂ ನಗಿಸಿಲ್ಲ. ಹಲ್ಲು ಕಚ್ಚಿ, ಸೊಂಟ ಕಟ್ಟಿ, ಬಲು ಗಂಭೀರವಾಗಿ ಕೈಹಾಕಿದ ಕೆಲಸಗಳಿಗೇ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಂಥವುಗಳಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ನಾನು ಬೆನ್ನಿಗೆ ಚೀಲ ಕಟ್ಟಿಕೊಂಡು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ನಡೆದದ್ದು.

ಧಾರವಾಡದ ಕಡೆಯವರಾದ ನಾವು ನಾಗಪುರಕ್ಕೆ ಬಂದದ್ದು ನಮ್ಮವರಿಗೆ ಆರ್ಡನೆನ್ಸ್ ಫ್ಯಾಕ್ಟರಿಯಲ್ಲಿ ನೌಕರಿ ಸಿಕ್ಕಿ. ನಾನು ಲಕ್ಷ್ಮೀ ನಗರದ ನಮ್ಮ ಮನೆಯ ಹತ್ತಿರದ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ವರ್ಷ ವರ್ಷ ಬೋರ್ಡಿನ ಮೇಲೆ ಆಸ್ಟ್ರೇಲಿಯಾ ಬರೆಯುವುದು, ಅಂಚಿಗೆ ಊರುಗಳನ್ನು ತುಂಬುವುದು, ನಡುವಿನ ಖಾಲಿ ಜಾಗದಲ್ಲಿ ನಾಲ್ಕು ಚುಕ್ಕಿ ಇಟ್ಟು ‘ಮರುಭೂಮಿ’ ಅಂತ ಬರೆದು ಮುಂದಿನ ಪಾಠಕ್ಕೆ ಹೋಗುವುದು. ಒಂದು ದಿನ ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತ ಕೂತಿದ್ದಾಗ ಒಂದು ಹಳೆಯ ಪತ್ರಿಕೆಯಲ್ಲಿ ಅದೇ ಮರುಭೂಮಿಯ ಫೋಟೋ ನೋಡಿದೆ. ಕೆಂಪು ಉಸುಕು, ಮೇಲೆ ನೀಲಿ ಆಕಾಶ, ನಡುವೆ ನನಗಿಂತ ವಯಸ್ಸಾದ ಒಬ್ಬ ಹೆಂಗಸು ದೊಡ್ಡ ಚೀಲ ಹೊತ್ತು ಒಬ್ಬಳೇ ನಡೆಯುತ್ತಿದ್ದಾಳೆ. ನನ್ನ ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಮದುವೆಯಾದಂದಿನಿಂದ ನಾನು ಎಲ್ಲಿಗೆ ಹೋದರೂ ನಮ್ಮವರ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಹೋದವಳು. ನಾನು ನೋಡಿದ ಜಗತ್ತಿನ ಅರ್ಧ ಭಾಗ ಅವರ ಬೆನ್ನೇ. ಒಂದು ಸಲ, ಒಂದೇ ಒಂದು ಸಲ, ನಾನು ಚುಕ್ಕಿ ಇಟ್ಟ ಜಾಗದಲ್ಲಿ ನನ್ನ ಕಾಲ ಮೇಲೆ ನಡೆದು ದಾಟಬೇಕು ಅನ್ನಿಸಿತು.

ಮನೆಗೆ ಬಂದು ಹೇಳಿದೆ. ನಮ್ಮವರು ಪೇಪರು ಇಳಿಸದೆ, “ನಿನಗ ಬರ್ಡಿ ಬಜಾರದಿಂದ ಕೊತ್ತಂಬರಿ ಚೀಲ ಮನಿತನಕ ತರಾಕ ಆಗೂದಿಲ್ಲ,” ಅಂದರು. ಅಲ್ಲಿಗೆ ನಾನು ಹೋಗುವುದು ಖಾಯಂ ಆಯಿತು.

ಬರ್ಡಿಯಲ್ಲಿ ಒಬ್ಬ ಟ್ರಾವೆಲ್ ಏಜೆಂಟನನ್ನು ಹಿಡಿದೆವು. ಅವನು ಅಲ್ಲಿಯವರೆಗೆ ಜನರನ್ನು ಶಿರಡಿ, ತಿರುಪತಿ, ವೈಷ್ಣೋದೇವಿಗೆ ಕಳಿಸುತ್ತಿದ್ದವನು. ನನ್ನ ಮಾತೆಲ್ಲ ಕೇಳಿ, “ಮೇಡಂ, ಇಷ್ಟು ತ್ರಾಸ್ ತೊಗೊಂಡು ಆರು ದಿನ ನಡೀತೀರಿ, ಅಲ್ಲಿ ಮಂದಿರ್ ಯಾವ ದೇವರದ್ದು?” ಅಂತ ಕೇಳಿದ. ದೇವರಿಲ್ಲ ಅಂದೆ. ಆದರೂ ಅಲ್ಲಿಯ ಒಂದು ನಡಿಗೆಯ ತಂಡವನ್ನು ಹುಡುಕಿಕೊಟ್ಟ. ತಂಡದವರ ಷರತ್ತು ಒಂದೇ: ನಿಮ್ಮ ಹೊರೆ ನೀವೇ ಹೊರಬೇಕು. ಅಡಿಗೆ ಸಾಮಾನು, ನೀರು ಹೊತ್ತ ಒಂದು ಜೀಪು ಜೊತೆಗಿರುತ್ತದೆ; ಆಗದವರು ಅದನ್ನು ಹತ್ತಬಹುದು. ಆದರೆ ಒಂದು ಸಲ ಹತ್ತಿದವರು ಮತ್ತೆ ಇಳಿದು ನಡೆಯುವ ಹಾಗಿಲ್ಲ, ಕೊನೆಯವರೆಗೆ ಜೀಪೇ ಗತಿ. ನಮ್ಮವರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಅವರು ಮೊದಲೇ ಜೀಪಿನಲ್ಲಿ ಸೀಟು ಹಿಡಿದರು. “ನಿನಗೂ ಬಾಜೂಕ ಒಂದು ಜಾಗಾ ಇಟ್ಟಿರತೇನಿ,” ಅಂದರು.

“ನಾ ಜೀಪು ಹತ್ತೂದಿಲ್ಲ ಅಂದ್ರ ಹತ್ತೂದಿಲ್ಲ,” ಅಂದೆ.

ಗೋಧಿ ಚೀಲ

ಹೋಗುವ ಮುಂಚೆ ಹೊರೆ ಹೊತ್ತು ನಡೆದು ರೂಢಿ ಮಾಡಿಕೊಳ್ಳಿ ಅಂತ ತಂಡದವರು ಬರೆದಿದ್ದರು. ಹೊರೆಗೆ ಏನು ಹಾಕಬೇಕು ಅಂತ ಬರೆದಿರಲಿಲ್ಲ. ಇಟ್ಟಂಗಿ ಹಾಕಿ ನೋಡಿದೆ, ಬೆನ್ನಿಗೆ ಒತ್ತಿತು. ಪುಸ್ತಕ ಹಾಕಿದೆ, ಮೂಲೆ ಚುಚ್ಚಿತು. ಕೊನೆಗೆ ಗೋಧಿ ತುಂಬಿದೆ. ಗೋಧಿ ಬೆನ್ನಿಗೆ ಮೆತ್ತಗೆ ಕೂತುಕೊಳ್ಳುತ್ತದೆ.

ಏಪ್ರಿಲ್ ತಿಂಗಳು. ನಾಗಪುರದ ಬಿಸಿಲಿಗೆ ನಾಯಿಗಳು ಕೂಡ ನೆರಳು ಬಿಟ್ಟು ಏಳುವುದಿಲ್ಲ. ಮರುಭೂಮಿಗೆ ಹೋಗುವವಳು ಸಂಜೆಯ ತಂಪಿನಲ್ಲಿ ನಡೆದರೆ ಏನು ಬಂತು ಅಂತ ನಾನು ಸರಿಯಾಗಿ ಮಧ್ಯಾಹ್ನ ಹೊರಡುತ್ತಿದ್ದೆ. ಮೊದಲನೆಯ ದಿನವೇ ಪಕ್ಕದ ಮನೆಯ ಕಾಕೂ ಗೇಟಿನಲ್ಲಿ ಹಿಡಿದರು. ಕಾಕೂ ಮಾತಾಡುವುದು ಅಪ್ಪಟ ಮರಾಠಿ. ಕನ್ನಡಕ್ಕೆ ತಂದಾಗ ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಓದುವವರು ಸೇರಿಸಿಕೊಳ್ಳಬೇಕು. ‘ಬಾಯಿ’ ಅಂದರೆ ಮರಾಠಿಯಲ್ಲಿ ಅಕ್ಕೋರು.

“ಬಾಯಿ, ಗಿರಣಿಗೆ ಹೊಂಟೀರೇನು?”

“ಇಲ್ಲ ಕಾಕೂ, ಆಸ್ಟ್ರೇಲಿಯಾಕ್ಕ ಹೋಗೂದೈತಿ. ಅದಕ್ಕ ರೂಢಿ ಮಾಡಾಕ್ಹತ್ತೇನಿ.”

“ಚೀಲದಾಗ ಏನೈತಿ?”

“ಗೋಧಿ.”

“ಹಂಗಂದ್ರ ಗಿರಣಿಗೇ. ನಮ್ಮದೊಂದು ಡಬ್ಬಿ ಒಯ್ರಿ. ಆಸ್ಟ್ರೇಲಿಯಾಕ್ಕ ಆಮ್ಯಾಲೆ ಹೋಗೀರಂತ.”

ಹಿರಿಯರು, ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹೊರೆ ಹೆಚ್ಚಾದರೆ ನನಗೇ ಒಳ್ಳೆಯದು ಅಂತ ಸಮಾಧಾನ ಮಾಡಿಕೊಂಡು ಒಯ್ದೆ. ಮರುದಿನ ಎದುರು ಮನೆಯವರು ಒಂದು ಚೀಲ ಜೋಳ ಕೊಟ್ಟರು. ಮೇಲಿನ ಮಹಡಿಯವರು ಕಡಲೆಬೇಳೆ ಇಳಿಸಿದರು, ಅದೂ ದಾರದಿಂದ ಕಟ್ಟಿ, ಬಾಲ್ಕನಿಯಿಂದ. “ಬಾಯಿ ಬಿಸಿಲಾಗ ಸುಮ್ಮನ ತಿರಗತಾರ, ಕೊಟ್ಟರ ಪುಣ್ಯ ಬರತೈತಿ” ಅನ್ನುವ ಹಾಗೆ ಓಣಿಯವರೆಲ್ಲ ನನ್ನ ತಾಲೀಮಿಗೆ ಕೈಜೋಡಿಸಿದರು. ಮೇ ತಿಂಗಳ ಹೊತ್ತಿಗೆ ನಾನು ಬೆನ್ನಿಗೆ ಒಂದು ಚೀಲ, ಎದೆಗೆ ಒಂದು ಚೀಲ ಕಟ್ಟಿಕೊಂಡು, ಮುಖಕ್ಕೆ ಓಢಣಿ ಸುತ್ತಿಕೊಂಡು ನಿತ್ಯ ಗಿರಣಿಗೆ ಹೋಗಿಬರುತ್ತಿದ್ದೆ. ನನ್ನ ಕಾಲು ಗಟ್ಟಿಯಾದವು. ಓಣಿಯ ಮನೆಗಳಲ್ಲಿ ಬಿಸಿ ಬಿಸಿ ಚಪಾತಿಯಾದವು.

ಒಂದು ದಿನ ಗಿರಣಿಯವನು ಹಿಟ್ಟು ತುಂಬುತ್ತ ಬಹಳ ಮರ್ಯಾದೆಯಿಂದ ಕೇಳಿದ: “ಬಾಯಿ, ಲಕ್ಷ್ಮೀ ನಗರದಾಗ ಎಷ್ಟು ಮನಿ ಕೆಲಸ ಹಿಡಿದೀರಿ? ನಮ್ಮ ಮನಿಯಾಗೂ ಭಾಂಡೆ ತಿಕ್ಕಾಕ ಒಬ್ಬರು ಬೇಕಾಗ್ಯಾರ ನೋಡ್ರಿ.”

ಕಿಸೆಯೊಳಗಿನ ಉಳ್ಳಾಗಡ್ಡಿ

ನಾಗಪುರದಲ್ಲಿ ಬೇಸಿಗೆಯ ಬಿಸಿಗಾಳಿಗೆ ‘ಲೂ’ ಅಂತಾರೆ. ಲೂ ಬಡಿಯಬಾರದು ಅಂದರೆ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ಇರಬೇಕು. ಇದನ್ನು ನಂಬದವರು ನಾಗಪುರದಲ್ಲಿ ಒಂದು ಮೇ ತಿಂಗಳು ಕಳೆದರೆ ಸಾಕು, ತಾವೇ ಎರಡು ಇಟ್ಟುಕೊಳ್ಳುತ್ತಾರೆ. ನಮ್ಮವರು ಫ್ಯಾಕ್ಟರಿಗೆ ಗುರುತಿನ ಚೀಟಿ ಮರೆತು ಹೋದದ್ದುಂಟು, ಉಳ್ಳಾಗಡ್ಡಿ ಮರೆತು ಹೋದದ್ದಿಲ್ಲ.

ಆಸ್ಟ್ರೇಲಿಯಾದ ವಿಮಾನ ನಿಲ್ದಾಣದಲ್ಲಿ ತಿನ್ನುವ ಸಾಮಾನು ಏನಿದ್ದರೂ ಹೇಳಬೇಕು. ನಾವು ಪ್ರಾಮಾಣಿಕರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಲ್ಲ ತೆಗೆದು ಮೇಜಿನ ಮೇಲೆ ಇಟ್ಟೆವು. ಅಧಿಕಾರಿ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ. ಟಕ್ ಟಕ್ ಅಂತು. ತಿರುಗಿಸಿದ, ದೀಪಕ್ಕೆ ಹಿಡಿದ. “ಇದನ್ನು ತಿನ್ನುತ್ತೀರಾ?” ಅಂದ. ನಾನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕರುಂ ಕರುಂ ತಿಂದು ತೋರಿಸಿದೆ. ಅವನು ಕೂಡಲೇ ಒಯ್ಯಿರಿ ಅಂದುಬಿಟ್ಟ.

ಅಲ್ಲಿಂದ ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಮೋಟು ಕಾಲಿನ, ಜೋಲು ಕಿವಿಯ ಒಂದು ನಾಯಿ ಬಂದು ನಮ್ಮವರ ಮುಂದೆ ಕೂತಿತು. ನಮ್ಮವರಿಗೆ ನಾಯಿ ಅಂದರೆ ಪ್ರಾಣ.

“ನೋಡಲೇ, ಪರದೇಶದ ನಾಯಿ. ಎಷ್ಟು ಜನಾ ಅದಾರ ಇಲ್ಲಿ, ಬರೋಬರ್ ನನ್ನ ಮುಂದ ಬಂದು ಕುಂತತಿ. ಪ್ರಾಣಿಗೆ ಮನಷ್ಯಾರ ಗುಣ ತಿಳೀತೈತಿ,” ಅಂತ ತಲೆ ಸವರಿದರು. ನಾಯಿ ಅಲುಗಲಿಲ್ಲ. ಮುಂದೆ ಹೋದರು, ನಾಯಿ ಹಿಂದೆ ಹೋಗಿ ಮತ್ತೆ ಮುಂದೆ ಕೂತಿತು. “ಬಿಡಾಕ ಒಲ್ಲದು, ಪಾಪ!” ಅಂತ ನಮ್ಮವರ ಕಣ್ಣು ತುಂಬಿ ಬರುವುದರೊಳಗೆ ನಾಯಿಯ ಹಗ್ಗ ಹಿಡಿದಿದ್ದ ಅಧಿಕಾರಿ, ಕಿಸೆಯಲ್ಲಿ ಏನಿದೆ ಅಂತ ಕೇಳಿದ. ನಮ್ಮವರು ಉಳ್ಳಾಗಡ್ಡಿ ತೆಗೆದರು.

ಮೊದಲೇ ಯಾಕೆ ಹೇಳಲಿಲ್ಲ ಅಂತ ಅವನ ಮುಖ ಬಿಗಿಯಾಯಿತು. ನಮ್ಮವರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು: ತಿನ್ನುವ ಸಾಮಾನು ಕೇಳಿದಿರಿ, ಇದು ತಿನ್ನುವುದಲ್ಲ, ಇಟ್ಟುಕೊಳ್ಳುವುದು. ಇದಿದ್ದರೆ ಎಂಥ ಧಗೆಯೂ ಮೈಗೆ ತಟ್ಟುವುದಿಲ್ಲ. ಅಧಿಕಾರಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಉಳ್ಳಾಗಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಡಬ್ಬಿಗೆ ಹಾಕಿದ. ಆಮೇಲೆ ಗಾಜಿನ ಬಾಗಿಲಿನ ಆಚೆ ಕೋಟು ತೊಟ್ಟು, ಕೈ ಉಜ್ಜಿಕೊಳ್ಳುತ್ತ ನಿಂತಿದ್ದ ಜನರನ್ನು ತೋರಿಸಿ ಹೇಳಿದ:

“ಸರ್, ನಿಮ್ಮ ಈರುಳ್ಳಿ ಬಹಳ ಚೆನ್ನಾಗಿ ಕೆಲಸ ಮಾಡಿದೆ. ಹೊರಗೆ ಒಂಬತ್ತು ಡಿಗ್ರಿ ಇದೆ.”

ಸ್ವೆಟರ್

ಉಣ್ಣೆಯ ಬಟ್ಟೆ ತನ್ನಿ ಅಂತ ತಂಡದವರು ಬರೆದಿದ್ದರು, ಸುಳ್ಳು ಯಾಕೆ ಹೇಳಲಿ. ಅದು ಚಳಿ ದೇಶದಿಂದ ಬರುವ ನಾಜೂಕು ಜನರಿಗೆ ಇರಬೇಕು, ನಾಗಪುರದ ಬಿಸಿಲು ಕುಡಿದವರಿಗೆ ಮರುಭೂಮಿಯಲ್ಲಿ ಸ್ವೆಟರ್ ಎಂಥದ್ದು ಅಂತ ನಾನೇ ಬಿಟ್ಟೆ. ಬದಲಿಗೆ ತೆಳ್ಳನೆಯ ಮಲ್ ಬಟ್ಟೆಯ ನಾಲ್ಕು ಬಿಳಿ ಕುರ್ತಾ ಹೊಲಿಸಿದ್ದೆ. ನಮ್ಮವರಿಗೆ ತೋಳಿಲ್ಲದ ಬನಿಯನ್ನು ಒಂದು ಡಜನ್.

ಮರುಭೂಮಿಯ ಡೇರೆಯಲ್ಲಿ ಮೊದಲ ಬೆಳಿಗ್ಗೆ ಎದ್ದಾಗ ಬಾಟಲಿಯ ನೀರು ಹೆಪ್ಪುಗಟ್ಟಿತ್ತು. ಕುಲುಕಿದರೆ ಒಳಗೆ ಕಲ್ಲು ಹಾಕಿದ ಹಾಗೆ ಸದ್ದು. ನಾನು ನಾಲ್ಕೂ ಕುರ್ತಾ ಒಂದರ ಮೇಲೊಂದು ಹಾಕಿ, ಮೇಲೆ ಸೀರೆ ಸುತ್ತಿಕೊಂಡು ಹೊರಗೆ ಬಂದೆ. ನಮ್ಮವರು ಒಂದು ಡಜನ್ ಬನಿಯನ್ನನ್ನೂ ತೊಟ್ಟಿದ್ದರು. ಹನ್ನೆರಡು ಬನಿಯನ್ನು ತೊಟ್ಟರೂ ತೋಳು ತೋಳಿಲ್ಲದ ಹಾಗೇ ಇರುತ್ತವೆ ಅನ್ನುವುದು ಅವರಿಗೆ ಆಗ ತಿಳಿದಿತ್ತು. ಕೈಗಳಿಗೆ ಕಾಲುಚೀಲ ಏರಿಸಿಕೊಂಡು ಒಲೆಯ ಹತ್ತಿರ ಕೂತಿದ್ದರು.

ನಮ್ಮ ತಂಡದ ಮುಖ್ಯಸ್ಥೆ ಒಬ್ಬ ಉದ್ದನೆಯ, ಒಣಗಿದ ಹೆಂಗಸು. ನಗುವುದು ಕಡಿಮೆ. ನಮ್ಮಿಬ್ಬರನ್ನು ಮೇಲಿನಿಂದ ಕೆಳಗೆ ನೋಡಿ, “ಜೂನ್‌ನಲ್ಲಿ ಇಲ್ಲಿ ಚಳಿಗಾಲ ಅಂತ ನಿಮಗೆ ಯಾರೂ ಹೇಳಲಿಲ್ಲವೇ?” ಅಂದಳು.

ಭೂಮಧ್ಯರೇಖೆಯ ಕೆಳಗೆ ಋತುಗಳು ತಿರುವುಮುರುವು. ಇದಕ್ಕೆ ಕಾರಣ ಬರೆಯಿರಿ, ಐದು ಅಂಕ. ಈ ಪ್ರಶ್ನೆಗೆ ತಪ್ಪು ಉತ್ತರ ಬರೆದ ಎಷ್ಟು ಮಕ್ಕಳಿಗೆ ನಾನು ಸೊನ್ನೆ ಸುತ್ತಿದ್ದೇನೋ ದೇವರಿಗೇ ಗೊತ್ತು. ದೀಪದ ಕೆಳಗೇ ಕತ್ತಲೆ. ನಮ್ಮವರು ಕಾಲುಚೀಲದ ಕೈ ಎತ್ತಿ ನನ್ನತ್ತ ತೋರಿಸಿದರು.

“ಇಲ್ಲ ಮೇಡಂ, ಹೇಳಿದ್ದಾಳೆ. ಇಪ್ಪತ್ತೆರಡು ವರ್ಷದಿಂದ ಇವಳೇ ಹೇಳುತ್ತಿದ್ದಾಳೆ. ಏಳನೇ ಕ್ಲಾಸಿಗೆ.”

ಮುಖ್ಯಸ್ಥೆ ತನ್ನ ಎರಡು ಸ್ವೆಟರು ತಂದು ಕೊಟ್ಟಳು. ಅವಳ ಅಳತೆಯವು. ನನಗೆ ಮೊಣಕಾಲಿನ ತನಕ ಬಂತು. ನಮ್ಮವರದು ಹೊಟ್ಟೆಯ ಮೇಲೆ ನಿಂತಿತು.

ಓಢಣಿ

ಮರುಭೂಮಿಯಲ್ಲಿ ನೊಣ ಇರುತ್ತವೆ ಅಂತ ಪಾಠದಲ್ಲಿ ಇರಲಿಲ್ಲ. ಬಿಸಿಲು ಏರಿತೋ, ಎಲ್ಲಿಂದಲೋ ಬಂದು ಕಣ್ಣು, ಮೂಗು, ತುಟಿ ಅಂತ ಮುತ್ತುತ್ತವೆ. ತಂಡದ ಉಳಿದವರು ಟೊಪ್ಪಿಗೆಗೆ ಜಾಲರಿ ಕಟ್ಟಿಕೊಂಡರು. ನನಗೆ ಅದರ ಗರಜೇ ಇರಲಿಲ್ಲ. ನಾಗಪುರದ ಹೆಂಗಸರು ಬಿಸಿಲಲ್ಲಿ ಸ್ಕೂಟಿ ಮೇಲೆ ಹೋಗುವುದನ್ನು ನೋಡಿದವರಿಗೆ ಗೊತ್ತು: ತಲೆ, ಹಣೆ, ಮೂಗು, ಬಾಯಿ ಎಲ್ಲ ಮುಚ್ಚಿ ಹಿಂದೆ ಗಂಟು ಹಾಕಿ, ಕಣ್ಣಿಗೆ ಕರಿ ಕನ್ನಡಕ, ಮೊಣಕೈತನಕ ಕೈಗವಸು. ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ನಾನು ಹಾಗೆ ಕಟ್ಟಿಕೊಂಡೆ. ಒಂದು ನೊಣಕ್ಕೂ ದಾರಿ ಇರಲಿಲ್ಲ.

ಮೂರನೆಯ ದಿನ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕು, ಅದಕ್ಕೆ ಅಂಟಿಕೊಂಡ ಒಂದು ಅಂಗಡಿ ಸಿಕ್ಕಿತು. ಸುತ್ತ ಹರದಾರಿಗಟ್ಟಲೆ ಬೇರೆ ಮನೆ ಇಲ್ಲ. ಉಳಿದವರು ಹೊರಗೆ ನೆರಳಿನಲ್ಲಿ ಕೂತರು. ನನಗೆ ಸೋಡಾ ಕುಡಿಯುವ ಆಸೆಯಾಗಿ ಒಬ್ಬಳೇ ಒಳಗೆ ಹೋದೆ. ಗಲ್ಲೆಯ ಮೇಜಿನ ಹಿಂದೆ ಒಬ್ಬ ಮುದುಕ ತೂಕಡಿಸುತ್ತಿದ್ದ. ನಾನು ಕೆಮ್ಮಿದೆ. ಅವನು ಕಣ್ಣು ಬಿಟ್ಟ, ನನ್ನನ್ನು ನೋಡಿದ, ಎರಡೂ ಕೈ ಮೇಲೆತ್ತಿದ.

ಇದು ಆ ಕಡೆಯ ನಮಸ್ಕಾರ ಇರಬಹುದು ಅಂತ ನಾನೂ ಎರಡೂ ಕೈ ಎತ್ತಿದೆ.

ಅವನ ಬಣ್ಣ ಹಾರಿತು. ಮೆಲ್ಲಗೆ ಮೊಣಕೈಯಿಂದ ದುಡ್ಡಿನ ಪೆಟ್ಟಿಗೆಯನ್ನು ನನ್ನ ಕಡೆ ದೂಡಿದ. ಇಷ್ಟು ಹೊತ್ತಿಗೆ ನನಗೆ ಸಂಗತಿ ಹೊಳೆಯಬೇಕಿತ್ತು, ಹೊಳೆಯಲಿಲ್ಲ. “ಎರಡು ಲಿಂಬು ಸೋಡಾ,” ಅಂದೆ. ಓಢಣಿಯೊಳಗಿನ ದನಿ, ಎಷ್ಟು ಕೇಳಿತೋ! ಅವನು ಕೈ ಇಳಿಸದೆ ಗದ್ದದಿಂದ ಫ್ರಿಜ್ಜಿನ ಕಡೆ ತೋರಿಸಿದ. ನಾನೇ ಎರಡು ಬಾಟಲಿ ತೆಗೆದುಕೊಂಡೆ. ದುಡ್ಡು ಕೊಡಲು ಚೀಲದೊಳಗೆ ಕೈ ಹಾಕಿದೆ ನೋಡಿ, ಮುದುಕ ಮೇಜಿನ ಕೆಳಗೆ ಮಾಯವಾದ.

ಆಗ ಮುಖ್ಯಸ್ಥೆ ಒಳಗೆ ಬಂದು ಅವನನ್ನು ಎಬ್ಬಿಸಿ ಕೂರಿಸಿ ಸಮಾಧಾನ ಮಾಡಿದಳು. ನಾನು ಗಂಟು ಬಿಚ್ಚಿ ಮುಖ ತೋರಿಸಿದೆ. ಮೂರು ದಿನ ಸ್ನಾನವಿಲ್ಲ, ತಲೆ ಬಾಚಿಲ್ಲ, ಮೂಗಿನ ಮೇಲೆ ಚರ್ಮ ಸುಲಿದಿದೆ. ಮುದುಕ ಒಂದು ಕ್ಷಣ ನೋಡಿ ಮುಖ್ಯಸ್ಥೆಗೆ ಹೇಳಿದ: “ದಯವಿಟ್ಟು ಮೊದಲಿನ ಹಾಗೇ ಕಟ್ಟಿಕೊಳ್ಳಲು ಹೇಳಿ.”

ಕಿಟಕಿಯ ಚಹಾ

ನಾಲ್ಕನೆಯ ದಿನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆಯಿತು. ಇಲ್ಲಿಯವರೆಗೆ ನಗುತ್ತ ಹೇಳಿದೆ, ಇದು ನಗುವ ಮಾತಾಗಿರಲಿಲ್ಲ. ಹೆಜ್ಜೆ ಇಟ್ಟರೆ ಜೀವ ಬಾಯಿಗೆ ಬರುತ್ತಿತ್ತು. ಉಳಿದವರು ಮುಂದೆ ಹೋಗಿ ಇರುವೆ ಸಾಲಿನ ಹಾಗೆ ಕಾಣುತ್ತಿದ್ದರು. ಒಂದು ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿ ನೋಡಿಕೊಂಡಾಗ, ಇನ್ನು ನನ್ನಿಂದ ಆಗುವುದಿಲ್ಲ ಅಂತ ನಿಜವಾಗಿ ಹೆದರಿದೆ. ಕಾಲಿನ ನೋವಿಗಲ್ಲ. ನಾಗಪುರಕ್ಕೆ ಹೋಗಿ, ಆ ಮರುಭೂಮಿಯನ್ನೂ ನಾನು ಸೀಟಿನ ಮೇಲೆ ಕೂತೇ ದಾಟಿದೆ ಅಂತ ನನಗೆ ನಾನೇ ಹೇಳಿಕೊಳ್ಳಬೇಕಲ್ಲ, ಅದಕ್ಕೆ.

ಸರಿಯಾಗಿ ಅದೇ ಹೊತ್ತಿಗೆ ಜೀಪು ಬಂದು ಪಕ್ಕದಲ್ಲಿ ನಿಂತಿತು. ಓಡಿಸುವವನು ಆನೆಯಂಥ ಆಳು, ಮಾತು ಕಡಿಮೆ. ನಮ್ಮವರು ಕಿಟಕಿ ಇಳಿಸಿದರು. ಒಳಗಿನಿಂದ ಯಾಲಕ್ಕಿ ಚಹಾದ ವಾಸನೆ ಬಂತು. ಮೂರು ದಿನದಲ್ಲಿ ಅವರು ಆ ಆನೆಗೆ ಯಾಲಕ್ಕಿ ಚಹಾದ ಚಟ ಹಚ್ಚಿದ್ದರು.

“ಸಾಕು ಬಾ ಇನ್ನ. ಚಹಾ ಐತಿ. ಸೀಟು ಮೆತ್ತಗೈತಿ. ಯಾರಿಗೆ ಏನು ತೋರಸಬೇಕಾಗೇತಿ?”

“ಚಹಾ ಇಲ್ಲೇ ಕೊಡ್ರಿ.”

“ಒಳಗ ಕುಂತು ಕುಡಿ.”

“ಕಿಟಕಿಯಾಗಿಂದ ಕೊಡತೀರೋ ಇಲ್ಲೋ?”

ಕೊಟ್ಟರು. ನಾನು ಎದ್ದು, ಜೀಪಿನ ನೆರಳನ್ನೂ ಬಿಟ್ಟು ಬಿಸಿಲಿನಲ್ಲಿ ನಿಂತು ಕುಡಿದೆ. ನೆರಳಿನಲ್ಲಿ ನಿಂತದ್ದೂ ಜೀಪು ಹತ್ತಿದ ಲೆಕ್ಕಕ್ಕೆ ಬಂದರೆ ಯಾಕೆ ಬೇಕು? ಲೋಟ ಕಿಟಕಿಯಿಂದ ವಾಪಸು ಕೊಟ್ಟು, ಹಿಮ್ಮಡಿಗೆ ಪಟ್ಟಿ ಸುತ್ತಿ ಮತ್ತೆ ಹೊರಟೆ. ಹಿಂದಿನಿಂದ ನಮ್ಮವರು ಡ್ರೈವರಿಗೆ ಇಂಗ್ಲಿಷಿನಲ್ಲಿ ಹೇಳುವುದು ಕೇಳಿಸಿತು: “ನೀನು ಮರುಭೂಮಿ ಮಾತ್ರ ನೋಡಿದ್ದೀಯ. ನಾನು ಇವಳ ಜೊತೆ ಸಂಸಾರ ಮಾಡಿದ್ದೇನೆ.”

ಗಟ್ಟಿ ನೆಲ

ಕೊನೆಯ ದಿನ. ಏಳೆಂಟು ಕಿಲೋಮೀಟರು ನಡೆದರೆ ಡಾಂಬರು ರಸ್ತೆ, ತಗಡಿನ ಛಾವಣಿಯ ಒಂದು ತಂಗುಮನೆ, ಅಲ್ಲಿಗೆ ಮುಗಿಯಿತು. ಉಳಿದವರು ಬೆಳಿಗ್ಗೆಯೇ ಮುಖ್ಯಸ್ಥೆಯ ಜೊತೆ ಮುಂದೆ ಹೋಗಿದ್ದರು. ನಾನು ಕುಂಟುತ್ತ ಎಲ್ಲರಿಗಿಂತ ಹಿಂದೆ. ಒಂದು ದಿಬ್ಬ ಹತ್ತಿ ಕೆಳಗೆ ನೋಡಿದರೆ, ಬತ್ತಿದ ಹಳ್ಳದ ಉಸುಕಿನಲ್ಲಿ ಜೀಪು ಗಾಲಿಯವರೆಗೆ ಹೂತು ನಿಂತಿದೆ. ಆನೆಯಂಥ ಡ್ರೈವರ್ ಸಲಿಕೆ ಹಿಡಿದು ಉಸುಕು ತೋಡುತ್ತಿದ್ದಾನೆ. ನಮ್ಮವರು ಪಕ್ಕದಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು, ಎಲ್ಲಿ ತೋಡಬೇಕು ಅಂತ ಹೇಳಿಕೊಡುತ್ತಿದ್ದಾರೆ.

ಇಬ್ಬರು ಹಿಂದಿನಿಂದ ದೂಡಬೇಕು, ಒಬ್ಬರು ಸ್ಟೀರಿಂಗ್ ಹಿಡಿಯಬೇಕು. ಹರ್ನಿಯಾದವರು ದೂಡುವ ಹಾಗಿಲ್ಲ. ನಾನು ಜೀಪಿನೊಳಗೆ ಕೂರುವ ಹಾಗಿಲ್ಲ. ಹೀಗಾಗಿ ಸ್ಟೀರಿಂಗು ನಮ್ಮವರ ಪಾಲಿಗೆ ಬಂತು. ಅವರ ಹತ್ತಿರ ಕಾರಿನ ಲೈಸೆನ್ಸ್ ಇತ್ತು, ನಿಜ. ನಾಗಪುರದಲ್ಲಿ ತೆಗೆಸಿದ್ದರು. ತೆಗೆಸಿದ ಮೇಲೆ ಕಾರು ಮಾತ್ರ ಮುಟ್ಟಿರಲಿಲ್ಲ.

“ದೂಡಿದರೆ ನಡೆದ ಲೆಕ್ಕದಿಂದ ತೆಗೆಯುತ್ತೀರಾ?” ಅಂತ ನಾನು ಡ್ರೈವರನನ್ನು ಕೇಳಿದೆ.

“ಕೂರಬಾರದು ಅಂತ ಇದೆ. ದೂಡಬಾರದು ಅಂತ ಇಲ್ಲ,” ಅಂದ.

ಅವನು ನಮ್ಮವರಿಗೆ ಗೇರು ಹಾಕಿಕೊಟ್ಟು ನಿಧಾನವಾಗಿ ಹೇಳಿದ: “ಮೆಲ್ಲಗೆ ಒತ್ತಿ. ಹೊರಗೆ ಬಂದ ಮೇಲೆ ನಿಲ್ಲಿಸಬೇಡಿ, ಉಸುಕಿನಲ್ಲಿ ನಿಂತರೆ ಮತ್ತೆ ಹೂತುಹೋಗುತ್ತದೆ. ಗಟ್ಟಿ ನೆಲ ಸಿಕ್ಕ ಮೇಲೆ ನಿಲ್ಲಿಸಿ.”

“ತಿಳೀತು,” ಅಂದರು ನಮ್ಮವರು.

ದೂಡಿದೆವು. ಮುಖದ ತುಂಬ ಉಸುಕು ಹಾರಿತು. ಐದು ದಿನದಿಂದ ನನ್ನನ್ನು ಹತ್ತಿಸಿಕೊಳ್ಳಲು ಹಿಂದೆ ಹಿಂದೆ ಬರುತ್ತಿದ್ದ ಆ ಜೀಪಿನ ಮೇಲಿನ ಸಿಟ್ಟನ್ನೆಲ್ಲ ಹಾಕಿ ದೂಡಿದೆ. ಅದು ಒಮ್ಮೆ ಗುರ್ ಅಂದಿತು, ಅಲ್ಲಾಡಿತು, ಎದ್ದಿತು. ಹಳ್ಳ ದಾಟಿತು. ದಂಡೆ ಏರಿತು. ದಂಡೆಯ ಮೇಲೆ ನೆಲ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಡ್ರೈವರ್ ಎರಡೂ ಕೈ ಬೀಸಿ, “ಅಲ್ಲೇ! ಅಲ್ಲೇ ನಿಲ್ಲಿಸಿ!” ಅಂತ ಕೂಗಿದ. ನಮ್ಮವರು ಕಿಟಕಿಯಿಂದ ಕೈ ಹೊರಗೆ ಹಾಕಿ ಅವನಿಗೂ ಕೈ ಬೀಸಿದರು. ಜೀಪು ದಿಬ್ಬದ ಆಚೆ ಇಳಿಯಿತು. ಸ್ವಲ್ಪ ಹೊತ್ತು ಧೂಳು ಕಂಡಿತು, ಆಮೇಲೆ ಧೂಳೂ ಕಾಣಲಿಲ್ಲ.

ಆನೆ ನಿಂತಲ್ಲೇ ನಿಂತಿತು. ಅವನ ಟೊಪ್ಪಿಗೆ ಜೀಪಿನಲ್ಲಿ. ನೀರು ಜೀಪಿನಲ್ಲಿ. ಕಾಲಿಗೆ ರಬ್ಬರು ಚಪ್ಪಲಿ.

“ನಾನು ಇಲ್ಲೇ ಕೂರುತ್ತೇನೆ. ಅವರು ಈಗ ತಿರುಗಿ ಬರುತ್ತಾರೆ,” ಅಂದ.

“ಬರುವುದಿಲ್ಲ. ಅವರಿಗೆ ರಿವರ್ಸ್ ಗೇರು ಗೊತ್ತಿಲ್ಲ,” ಅಂದೆ.

ಎದ್ದ. ನನ್ನ ಓಢಣಿಯನ್ನು ಅವನ ತಲೆಗೆ ಸುತ್ತಿ ಹಿಂದೆ ಗಂಟು ಹಾಕಿದೆ. ನನ್ನ ನೀರು ಕೊಟ್ಟೆ. ನೂರು ಹೆಜ್ಜೆಗೆ ಒಮ್ಮೆ ಏದುಸಿರು ಬಿಡುತ್ತ ಕೂತುಬಿಡುತ್ತಿದ್ದ. ಅಷ್ಟು ವರ್ಷ ಆ ಮರುಭೂಮಿಯಲ್ಲೇ ಇದ್ದವನು, ಅದರ ಮೇಲೆ ನಡೆದೇ ಇರಲಿಲ್ಲ. ನಾನು ಪಿಕ್ನಿಕ್ಕಿಗೆ ಹೋದ ಮಕ್ಕಳನ್ನು ನಡೆಸುವ ಹಾಗೆ ನಡೆಸಿದೆ. “ಅಗೋ ಆ ಗಿಡದ ತನಕ, ಅಲ್ಲಿ ಶೇಂಗಾ ಚಿಕ್ಕಿ ಕೊಡುತ್ತೇನೆ,” ಅನ್ನುವುದು. ಗಿಡ ಬಂದರೆ, “ಜಾಣ! ಇನ್ನು ಆ ಬಂಡೆಯ ತನಕ.” ಅವನ ಕೈಹಿಡಿದು ಎಬ್ಬಿಸುವ ಗದ್ದಲದಲ್ಲಿ ನನ್ನ ಹಿಮ್ಮಡಿ ಎಲ್ಲಿ ಹೋಯಿತೋ, ನೆನಪೇ ಆಗಲಿಲ್ಲ.

ಕೊನೆಯ ದಿಬ್ಬ ಹತ್ತಿದಾಗ ಕೆಳಗೆ ತಗಡಿನ ಛಾವಣಿ ಹೊಳೆಯಿತು. ತಂಡದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಲು ಶುರುಮಾಡಿದರು. ನನ್ನ ಚೀಲ ನನ್ನ ಬೆನ್ನಿನ ಮೇಲಿತ್ತು, ನನ್ನ ಕಾಲು ನೆಲದ ಮೇಲಿದ್ದವು. ಡಾಂಬರಿನ ಅಂಚಿಗೆ ಬಂದು ನಿಂತು ಹಿಂದೆ ತಿರುಗಿ ನೋಡಿದೆ. ಅಷ್ಟೂ ಕೆಂಪು ನೆಲ ನಾನು ನಡೆದದ್ದು. ಗಳಗಳ ಅತ್ತುಬಿಟ್ಟೆ. ಮುಖ್ಯಸ್ಥೆ ಬಂದು ಬೆನ್ನು ತಟ್ಟಿದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಡ್ರೈವರೂ ಪಕ್ಕದಲ್ಲಿ ನಿಂತು ಅಳುತ್ತಿದ್ದ, ಅವನ ಕಾರಣ ಬೇರೆ.

ನಮ್ಮವರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಬಿಸ್ಕತ್ತು ತಿನ್ನುತ್ತಿದ್ದರು. ಜೀಪು ರಸ್ತೆಯ ನಟ್ಟನಡುವೆ ನಿಂತಿತ್ತು.

“ಯಾಕ್ರೀ, ದಂಡಿ ಮ್ಯಾಲೆ ಯಾಕ ನಿಂದರಸಲಿಲ್ಲ?” ಅಂದೆ. ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

“ಗಟ್ಟಿ ನೆಲ ಸಿಗೂತನಕ ನಿಂದರಸಬ್ಯಾಡ ಅಂದಿದ್ದ. ಆ ಉಸುಕಿನ ಊರಾಗ ಯಾವ ನೆಲದ ಮ್ಯಾಲೂ ನನಗ ನಂಬಿಕಿ ಬರಲಿಲ್ಲ. ಡಾಂಬರು ಕಂಡ ಮ್ಯಾಲೆ ನಿಂದರಸಿದೆ.” ಆಮೇಲೆ ನನ್ನ ಬೆನ್ನಿನಿಂದ ಚೀಲ ಇಳಿಸಿಕೊಂಡರು. ಅದರ ಭಾರಕ್ಕೆ ಅವರ ಕೈ ಕೆಳಗೆ ಹೋಯಿತು. ಬಿಸ್ಕತ್ತಿನ ಪುಡಿಕೆ ನನ್ನ ಕೈಗೆ ಕೊಟ್ಟರು.

ನಾಗಪುರಕ್ಕೆ ಬಂದ ಮೇಲೆ ಓಣಿಯವರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದರು. ನಾನು ಆರು ದಿನದ ಕತೆಯನ್ನು ಬೋರ್ಡಿನ ಮೇಲೆ ಬರೆದ ಹಾಗೆ ಬಿಡಿಸಿ ಹೇಳಿದೆ. ಕಾಕೂಗೆ ನಂಬಿಕೆ ಬರಲಿಲ್ಲ. ನಮ್ಮವರ ಕಡೆ ತಿರುಗಿ, “ಖರೇ ಹೇಳ್ರಿ ಭಾವೂಜಿ, ಬಾಯಿ ಒಬ್ಬಾಕಿನ ಅಷ್ಟೂ ಮರುಭೂಮಿ ದಾಟಿದ್ಲೇನು?” ಅಂದರು.

ನ್ಯಾಯದ ಮನುಷ್ಯ ನಮ್ಮವರು. ಚಹಾದ ಬಶಿ ಕೆಳಗಿಟ್ಟು ನಿಧಾನವಾಗಿ ಹೇಳಿದರು:

“ದಾಟಿದ್ಲು, ಸುಳ್ಳ ಹೇಳೂದಿಲ್ಲ. ಆದರ ಇಕಿ ಜೋಡಿ ಡ್ರೈವರ್ ಇದ್ದ. ಮರುಭೂಮಿಯೊಳಗ ಒಬ್ಬನ ಹೋದಾಂವ ಅಂದ್ರ, ನಾನು.”